ಟೂಲ್‌ರೂಮ್ ಅಂಕಲ್ ಮತ್ತು ಕಂಕಣದ ದಾರ

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆ ಸವೆದು ಓರೆಯಾಗಿತ್ತು. ಆಯುಷ್ಯವಿಡೀ ಲೋಹದ ಅಂಚುಗಳ ಮೇಲೆ ಎಳೆದೂ ಎಳೆದೂ ಹಾಗಾದದ್ದು. ಆಗತಾನೆ ಕತ್ತರಿಸಿದ ಲೋಹದ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಉಳಿಯುತ್ತವೆ. ಕಾರ್ಖಾನೆಯವರು ಅದಕ್ಕೆ ಬರ್ ಎನ್ನುತ್ತಾರೆ. ಅಂಕಲ್ ಹೋದಲ್ಲೆಲ್ಲ ಅದನ್ನು ಹುಡುಕುತ್ತಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೊಸ ಸ್ಟೀಲ್ ಚಮಚ ಕೈಗೆ ಬಂದರೆ ಮೊದಲು ಉಗುರು, ಆಮೇಲೆ ಪಾಯಸ. ಒಮ್ಮೆ ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಳ್ಳುತ್ತ ತಟ್ಟೆಯ ಅಂಚಿಗೆ ಉಗುರು ತಾಗಿಸಿ, "ಹೊಸಾದೇನ್ರಿ? ಸ್ವಲ್ಪ ಬರ್ ಐತಿ, ಕೈ ಹುಷಾರ್ರಿ" ಎಂದು ಅರ್ಚಕರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಡೆಟ್ರಾಯಿಟ್ ಪಕ್ಕದ ವಾರೆನ್‌ಗೆ ಬಂದವರು. ಅಲ್ಲಿ ಕಾರು ಕಂಪನಿಗಳಿಗೆ ಅಚ್ಚುಗಳನ್ನು ಮಾಡಿಕೊಡುವ ಒಂದು ಸಣ್ಣ ಟೂಲ್‌ರೂಮಿನಲ್ಲಿ ನಿವೃತ್ತಿಯವರೆಗೂ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ವುಡ್‌ರಿಡ್ಜ್‌ನಲ್ಲಿರುವ ಮಗಳ ಮನೆಗೆ ಬಂದರು. ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಮನೆ. ದೊಡ್ಡವರಿಗೆಲ್ಲ ಅವರು ಟೂಲ್‌ರೂಮ್ ಅಂಕಲ್, ಮಕ್ಕಳಿಗೆ ಅಜ್ಜ.

ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವಳು. ಓದಿದ್ದು ಕಂಪ್ಯೂಟರ್. ಕಾಲೇಜಿನ ವರ್ಕ್‌ಶಾಪ್ ತರಗತಿಯಲ್ಲಿ ಅರ ಹಿಡಿದದ್ದೇ ನನಗೂ ಲೋಹಕ್ಕೂ ಇದ್ದ ಕೊನೆಯ ಸಂಬಂಧ. ಇಲ್ಲಿಗೆ ಬಂದು, ಕೆಲಸದ ಪರವಾನಗಿ ಸಿಕ್ಕಿ, ಮತ್ತೆ ಪರೀಕ್ಷೆ ಬರೆದು ಬೋಲಿಂಗ್‌ಬ್ರೂಕ್ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆದೆ. ಒಂದು ಆಗಸ್ಟಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು ದಪ್ಪನೆಯ ಬೈಂಡರ್ ಒಂದನ್ನು ಕೈಗಿತ್ತರು. ಈ ದೇಶದಲ್ಲಿ ಎಲ್ಲ ಶಾಲೆಗಳಿಗೂ ಒಂದೇ ಪಠ್ಯಕ್ರಮ ಎಂಬುದಿಲ್ಲ. ರಾಜ್ಯಕ್ಕೊಂದು, ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿಗೊಂದು. ತಂತ್ರಜ್ಞಾನ ಶಿಕ್ಷಣಕ್ಕಾದರೂ ದೇಶಕ್ಕೆಲ್ಲ ಒಪ್ಪುವಂಥ ಒಂದು ಮಾದರಿ ಇರಲಿ ಎಂದು ಹೊರಟವರು ಸಿದ್ಧಪಡಿಸಿದ ಕರಡು ಅದು. ಪ್ರಯೋಗ ಮಾಡಿ ನೋಡುವ ಶಾಲೆಗಳಲ್ಲಿ ನಮ್ಮದೂ ಒಂದು. ಮಕ್ಕಳು ಬರೀ ಪರದೆಯ ಮೇಲಲ್ಲ, ಕೈಯಾರೆ ಅಳೆಯಬೇಕು, ಕೊರೆಯಬೇಕು, ಜೋಡಿಸಬೇಕು ಎಂಬುದು ಅದರ ಆಸೆ. ವರ್ಷದ ಕೊನೆಗೆ ಪ್ರತಿ ಶಾಲೆಯ ವರದಿ ನೋಡಿ ಯಾವ ಪಾಠ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತಾರಂತೆ. "ನೀವೇ ಸರಿ, ನೀವು ಎಂಜಿನಿಯರ್" ಎಂದರು ಪ್ರಿನ್ಸಿಪಾಲರು. ತರಬೇತಿ ಎರಡೇ ದಿನ, ಅದೂ ಆನ್‌ಲೈನ್. ಮೂರನೆಯ ವಾರ ಶಾಲೆಗೆ ನನ್ನಷ್ಟೇ ಎತ್ತರದ ಡ್ರಿಲ್ಲಿಂಗ್ ಮಶೀನ್ ಬಂದು ನಿಂತಿತು. ಅದರ ಪ್ಲಗ್ ಹಾಕಲೂ ನನಗೆ ಹೆದರಿಕೆ.

ಬೈಂಡರನ್ನು ಎದೆಗವಚಿಕೊಂಡು ನಾಲ್ಕನೇ ಮನೆಗೆ ಹೋದೆ.

ಅವರು ಅದನ್ನು ನಾಲ್ಕು ದಿನ ಇಟ್ಟುಕೊಂಡರು. ವಾಪಸು ಬಂದಾಗ ಪುಟಪುಟದ ಅಂಚಿನಲ್ಲೂ ಪೆನ್ಸಿಲ್ ಬರಹ. "ಬರದವರು ಭಾಳ ಶಾಣ್ಯಾರದಾರ ತಂಗಿ. ಆದ್ರ ಹನ್ನೆರಡ ವರ್ಷದ ಹುಡುಗೂರನ್ನ ನೋಡಿಲ್ಲ. ಪೀರಿಯಡ್ ಎಷ್ಟ ಮಿನಿಟಿಂದು?"

"ನಲವತ್ತೆರಡು."

"ಕೂದಲಾ ಕಟ್ಟಿ, ಕನ್ನಡಕಾ ಹಾಕಿ, ಪ್ಲೇಟ್ ಬಿಗೀಲಿಕ್ಕೆ ಹದಿನೈದು. ಕಸಾ ಹೊಡೀಲಿಕ್ಕೆ ಹತ್ತು. ಉಳಿದದ್ರಾಗ ಇಪ್ಪತ್ತನಾಲ್ಕ ಹುಡುಗೂರು ತೂತು ಹಾಕಬೇಕು. ಅವಸರಾ ಮಾಡಸ್ತಾರ. ಮಶೀನಿಗೆ ಅವಸರಾ ಆಗೂದಿಲ್ಲ." ಆಮೇಲೆ ನನ್ನೊಡನೆ ಶಾಲೆಗೆ ಬಂದು, ಯಂತ್ರವನ್ನು ಒಮ್ಮೆ ಸುತ್ತುಹಾಕಿ, ನಿಲ್ಲಿಸುವ ಕೆಂಪು ಗುಂಡಿಯ ಕೆಳಗೆ ಮೊಣಕಾಲೂರಿ ಕೂತರು. ಹನ್ನೆರಡು ವರ್ಷದ ಮಗುವಿನ ಎತ್ತರ ಅದು. ಕೈ ಚಾಚಿದರು. ಗುಂಡಿ ಸಿಗಲಿಲ್ಲ. "ನೋಡಿದ್ಯಾ? ಕೆಲಸದಾಗ ಎರಡೂ ಕೈ ತುಂಬಿರ್ತಾವು. ನಿಲ್ಲಸೂ ಕೆಲಸಾ ಕಾಲಿಗೆ ಕೊಡು."

ಕಾಲಿನಿಂದ ಒತ್ತಿ ನಿಲ್ಲಿಸುವ ಪೆಡಲು ಬೈಂಡರಿನ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ತರಿಸಲು ಡಿಸ್ಟ್ರಿಕ್ಟ್ ಒಪ್ಪಲಿಲ್ಲ. ಅಂಕಲ್ ನನ್ನಿಂದ ಏಳು ಪತ್ರ ಬರೆಸಿದರು. ಒಂದರಲ್ಲೂ ಕೋಪವಿರಕೂಡದು, ಪ್ರತಿಯೊಂದರಲ್ಲೂ ಅಳತೆಯಿರಬೇಕು. ಏಳನೆಯದಕ್ಕೆ ಪೆಡಲು ಬಂತು. ಅಲ್ಲಿಯವರೆಗೆ ಯಂತ್ರ ಚಾಲೂ ಮಾಡಲು ಬಿಡಲಿಲ್ಲ. ಮಕ್ಕಳು ಎರಡು ತಿಂಗಳು ಬರೀ ಸ್ಕೇಲು, ಗೀಚುಕಡ್ಡಿ ಹಿಡಿದು ತಗಡಿನ ಮೇಲೆ ಗುರುತು ಹಾಕುತ್ತಿದ್ದರು. ಪ್ರಿನ್ಸಿಪಾಲರಿಗೆ ಇದು ಕಿರಿಕಿರಿ. "ನಾವು ವೇಳಾಪಟ್ಟಿಯಲ್ಲಿ ಹಿಂದೆ ಬಿದ್ದಿದ್ದೇವೆ" ಎಂದು ದಿನಬಿಟ್ಟು ದಿನ ನೆನಪಿಸುತ್ತಿದ್ದರು.

ನಮ್ಮವರಿಗೂ ಕಿರಿಕಿರಿಯೇ. ನಮ್ಮ ಶಾಲೆಯಲ್ಲಿ ಓದುವ ಕನ್ನಡದ ಮಕ್ಕಳು ಐದಾರು ಜನ. ಅವರಲ್ಲೊಬ್ಬನ ತಂದೆ ಗಣೇಶನ ಹಬ್ಬದ ಊಟದಲ್ಲಿ ತಟ್ಟೆ ಹಿಡಿದು ನಿಂತೇ ಜಗಳಕ್ಕೆ ಬಂದರು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಡ್ರಿಲ್ ಹಿಡಿಯೋಕೆ ನಾವು ಅಮೆರಿಕಾಗೆ ಬಂದ್ವಾ? ಮಕ್ಕಳು ಕೋಡಿಂಗ್ ಕಲೀಲಿ. ಈ ಕಬ್ಬಿಣದ ಕೆಲಸ ಎಲ್ಲ ಇನ್ನೇನು ರೋಬಾಟ್ ಮಾಡತ್ತೆ."

"ಮಾಡ್ಲಿ. ರೋಬಾಟ್ ಕೆಟ್ರ?"

"ಇನ್ನೊಂದು ರೋಬಾಟ್ ಬಂದು ರಿಪೇರಿ ಮಾಡತ್ತೆ."

"ಭಾಳ ಚಲೋ ಆತು. ಹಂಗಾರ ಅವೆರಡಕ್ಕೂ ಬಡಿಸ್ಲಿಕ್ಕೆ ನಿನ್ನ ಮಗನ್ನ ಕಳಸ್ತಿಯೇನು?"

ಸುತ್ತ ನಿಂತವರು ನಕ್ಕರು. ತಂದೆಯೂ ನಕ್ಕರು, ಆದರೆ ಪ್ರಿನ್ಸಿಪಾಲರಿಗೆ ಇಮೇಲ್ ಬರೆಯುವುದನ್ನು ಬಿಡಲಿಲ್ಲ.

ಅಂಕಲ್ ವಾರಕ್ಕೆರಡು ದಿನ ಸ್ವಯಂಸೇವಕರಾಗಿ ಬರತೊಡಗಿದರು. ಜನವರಿಯಲ್ಲಿ ಹೊರಗೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ತರಗತಿಯೊಳಗೆ ಅರ್ಧ ತೋಳಿನ ಅಂಗಿ. ಕೈಗೆ ಗಡಿಯಾರವಿಲ್ಲ. ಉಂಗುರವನ್ನು ಒಳಜೇಬಿನಲ್ಲಿಟ್ಟು ಪಿನ್ ಹಾಕುತ್ತಿದ್ದರು. ಯಂತ್ರದ ಬಳಿಗೆ ಹೋಗುವ ಮೊದಲು ಪ್ರತಿ ಮಗುವೂ ಎರಡು ಕೈ ಮುಂದೆ ಚಾಚಿ, ಅಂಗೈ ಮೇಲೆ ಕೆಳಗೆ ಮಾಡಿ ತೋರಿಸಬೇಕು. ಬಳೆ, ಗಡಿಯಾರ, ರಬ್ಬರ್ ಬ್ಯಾಂಡ್, ಗೆಳತಿ ಹೆಣೆದುಕೊಟ್ಟ ದಾರ ಏನಿದ್ದರೂ ತೆಗೆಯಬೇಕು. ಬೈಂಡರಿನ ಸುರಕ್ಷತೆಯ ಪುಟದಲ್ಲಿ ಉಂಗುರ, ಗಡಿಯಾರ, ಉದ್ದ ಕೂದಲು ಎಂದಿತ್ತು. ದಾರದ ಮಾತಿರಲಿಲ್ಲ. ಅಂಕಲ್ ಅಂಚಿನಲ್ಲಿ ಬರೆದಿದ್ದರು: "ದಾರ. ನಮ್ಮ ಮಂದಿ." ನಾನು ಅದನ್ನು ಓದಿದ್ದೆ. ಓದಿ ನಕ್ಕಿದ್ದೆ ಕೂಡ.

ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಪ್ರಯೋಗವನ್ನು ಇನ್ನೊಂದು ವರ್ಷ ಮುಂದುವರಿಸಿದರು. ಆ ಎರಡನೆಯ ವರ್ಷ ನನ್ನ ಮಗಳು ಏಳನೇ ತರಗತಿಗೆ, ನನ್ನದೇ ಕ್ಲಾಸಿಗೆ ಬಂದಳು.

ಅದು ಆಯುಧಪೂಜೆಯ ದಿನ. ಈ ದೇಶದಲ್ಲಿ ಅದು ರಜೆಯಲ್ಲ, ಒಂದು ಗುರುವಾರ ಅಷ್ಟೆ. ಮೈಸೂರಿನವಳಾದ ನನಗೆ ಅದನ್ನು ಬಿಡಲು ಮನಸ್ಸು ಬಾರದು. ಬೆಳಿಗ್ಗೆ ಐದಕ್ಕೆ ಎದ್ದು ಗ್ಯಾರೇಜಿನಲ್ಲಿ ಕಾರಿಗೆ, ಒಳಗೆ ಲ್ಯಾಪ್‌ಟಾಪಿಗೆ, ಮಗಳು ಶಾಲೆಯಲ್ಲಿ ಮಾಡಿ ತಂದಿದ್ದ ಸಣ್ಣ ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಕೂಡ ಕುಂಕುಮವಿಟ್ಟು ಹೂವೇರಿಸಿ, ಅರಿಶಿನದ ದಾರ ಸುತ್ತಿ, ಅದೇ ಉಂಡೆಯಿಂದ ಮಗಳ ಬಲಗೈಗೆ ಕಂಕಣ ಕಟ್ಟಿದೆ. ಐದೆಳೆ, ಮೂರು ಗಂಟು. ಬಿಚ್ಚದ ಹಾಗೆ ಬಿಗಿಯಾಗಿಯೇ ಕಟ್ಟಿದೆ.

ಮೂರನೇ ಪೀರಿಯಡ್. ಮಕ್ಕಳು ಸಾಲಾಗಿ ಕೈ ತೋರಿಸುತ್ತ ಬಂದರು. ನೋಡುವವಳು ನಾನು. ಅಂಕಲ್ ಯಂತ್ರದ ಆಚೆ, ಅಂಚು ಉಜ್ಜುವ ಸ್ಯಾಂಡರಿನ ಬೆಲ್ಟ್ ಸರಿಮಾಡುತ್ತಿದ್ದರು. ಮಗಳು ಕೈ ಚಾಚಿದಳು. ಹಳದಿ ದಾರ ಕಂಡಿತು. ಪಕ್ಕದ ಮೇಜಿನ ಮೇಲೆ ಕತ್ತರಿಯೂ ಇತ್ತು. ಅವಳು ಕೇಳಿದಳು: "ಶುಡ್ ಐ ಕಟ್ ಇಟ್, ಅಮ್ಮಾ?"

ಹಬ್ಬದ ದಿನ ಕಟ್ಟಿದ ಕಂಕಣಕ್ಕೆ ಅದೇ ದಿನ ಕತ್ತರಿ ಹಾಕುವುದುಂಟೇ? ಅಷ್ಟೇ ನನ್ನ ತಲೆಯಲ್ಲಿ ಸುಳಿದದ್ದು. "ಬೇಡ, ತೋಳಿನ ಒಳಗೆ ಸೇರಿಸ್ಕೋ" ಎಂದೆ. ಮೆಲ್ಲಗೆ, ಕನ್ನಡದಲ್ಲಿ. ಮಿಕ್ಕ ಮಕ್ಕಳಿಗೆ ತಿಳಿಯಬಾರದೆಂದು.

ಅವಳು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ದಾರ ಮುಚ್ಚಿಕೊಂಡಳು. ತಗಡು ಬಿಗಿದಳು. ಸ್ವಿಚ್ಚು ಒತ್ತಿದಳು. ಮೊದಲ ತೂತು ಸರಿಯಾಗಿ ಬಿತ್ತು. ಎರಡನೆಯದಕ್ಕೆ ಕೊರೆಯುವ ಕಡ್ಡಿಯ ಸುತ್ತ ಸುರುಳಿಯಾಗಿ ಸಿಕ್ಕಿದ ಲೋಹದ ಸಿಪ್ಪೆಯನ್ನು ತಳ್ಳಲೆಂದು ಬಲಗೈ ಎತ್ತಿದಳು. ಯಂತ್ರ ತಿರುಗುತ್ತಿರುವಾಗ ಹಾಗೆ ಮಾಡಕೂಡದೆಂದು ಅವಳಿಗೆ ಗೊತ್ತಿತ್ತು. ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ. ತೋಳು ಹಿಂದೆ ಸರಿಯಿತು, ಗಂಟಿನ ತುದಿಯ ಉದ್ದನೆಯ ಎಳೆಗಳು ಹೊರಬಂದವು.

ಮುಂದಿನದು ಎರಡು ಸೆಕೆಂಡು ಇರಬಹುದು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೆಂದರೆ ಈಗ ಅದಕ್ಕೆ ಹೊತ್ತೇ ಇಲ್ಲದಂತಾಗಿದೆ. ಹಳದಿ ಎಳೆ ಕಡ್ಡಿಗೆ ಒಂದು ಸುತ್ತು ಬರುತ್ತದೆ. ಎರಡು ಸುತ್ತು. ಯಂತ್ರದ ಸದ್ದು ತುಸು ಇಳಿಯುತ್ತದೆ. ಮಗಳ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗುತ್ತದೆ, ಯಾರೋ ಪ್ರೀತಿಯಿಂದ ಕರೆದ ಹಾಗೆ. ಅವಳು ಕಿರುಚುವುದಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೇನೆ, ನನ್ನ ಕಾಲು ಏಳುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ, ಐ-355 ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ, ಸುಮ್ಮನೆ ಸಾರಿಗೆ ಒಗ್ಗರಣೆ ಹಾಕುವಾಗ ಕೂಡ ಆ ಇಳಿದ ಸದ್ದು ಕೇಳಿಸುತ್ತದೆ.

ಧಪ್ ಎಂದಿತು. ಅಂಕಲ್ ಪೆಡಲು ತುಳಿದಿದ್ದರು. ಯಂತ್ರದ ಆಚೆಯಿಂದ ಅದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ತಿಳಿಯದು. ಎಪ್ಪತ್ತು ದಾಟಿದ ದೇಹ ಮೇಜಿನ ಮೂಲೆಗೆ ಬಡಿದುಕೊಂಡೇ ಬಂದಿತ್ತು. ಆಮೇಲೆ ಒಂದು ವಾರ ಕುಂಟಿದರು. ಯಂತ್ರ ನಿಂತರೂ ಕೈ ಕಡ್ಡಿಯ ಪಕ್ಕದಲ್ಲೇ ಬಿಗಿದಿತ್ತು. ಮಗಳು ಗಾಬರಿಯಲ್ಲಿ ಎಳೆದುಕೊಳ್ಳಲು ಹೊರಟಳು.

"ಎಳೀಬ್ಯಾಡವ್ವಾ. ಎಳೀಬ್ಯಾಡ. ಅದರ ಕಡೇಕ ಬಾ. ಹಾಂ, ಹಂಗ. ಈಗ ನನ್ನ ಮಾರಿ ನೋಡು."

ಒಂದು ಕೈಯಿಂದ ಅವಳ ಮೊಣಕೈ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿ ಹಿಡಿದಿದ್ದ ಯಂತ್ರದ ತಲೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು. ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಮಣಿಕಟ್ಟಿನ ಸುತ್ತ ಚರ್ಮ ಕಿತ್ತು ಕೆಂಪು ಬಳೆಯ ಹಾಗೆ ಗಾಯ. ಮೂಳೆಗೆ ಏನೂ ಆಗಿರಲಿಲ್ಲ. ಅವರು ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿ, ಕಸದ ಬುಟ್ಟಿಗೆ ಹಾಕದೆ ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಮಕ್ಕಳ ಕಡೆ ತಿರುಗಿ ತಮ್ಮ ಇಂಗ್ಲಿಷಿನಲ್ಲಿ, "ಎಲ್ಲರೂ ಕೂಡ್ರಿ. ನೀವು ಕಂಡದ್ದನ್ನ ಕಾಗದದ ಮ್ಯಾಲೆ ಬರೀರಿ. ಕಂಡದ್ದಷ್ಟ" ಎಂಬ ಅರ್ಥದಲ್ಲಿ ಹೇಳಿದರು.

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ವರದಿಯ ಮಾತು ಬಂತು. ಅವರು ಕೆಟ್ಟವರಲ್ಲ. ನನಗೆ ನೀರು ಕೊಟ್ಟು, "ವಿದ್ಯಾರ್ಥಿ ಸುರಕ್ಷತಾ ಸೂಚನೆ ಪಾಲಿಸಲಿಲ್ಲ ಎಂದು ಬರೆಯಿರಿ. ನಿಮ್ಮದೇ ಮಗಳು, ಯಾರೂ ತಕರಾರು ಮಾಡುವುದಿಲ್ಲ. ಇಲ್ಲದಿದ್ದರೆ ಯಂತ್ರವೂ ಹೋಗುತ್ತದೆ, ನೀವೂ ಹೋಗಬಹುದು" ಎಂದರು. ಅವಳು ತಿರುಗುವ ಯಂತ್ರಕ್ಕೆ ಕೈ ಹಾಕಿದ್ದು ಸುಳ್ಳಲ್ಲವಲ್ಲ. ಹಾಗೆಯೇ ಬರೆದೆ. ಅರ್ಧ ಪುಟ. ಮರುದಿನ ಮಧ್ಯಾಹ್ನ ಅದನ್ನು ಅಂಕಲ್‌ಗೆ ತೋರಿಸಲು ಹೋದೆ, ಭೇಷ್ ಎನ್ನುತ್ತಾರೆಂದಲ್ಲ, ಹೋಗಲಿ ಬಿಡು ಎನ್ನುತ್ತಾರೆಂದು.

ಅವರು ಎರಡು ಸಲ ಓದಿದರು. "ಇದರಾಗ ನಿನ್ನ ಮಗಳದಾಳ. ಮಶೀನ್ ಐತಿ. ನೀ ಎಲ್ಲದೀ ತಂಗಿ?"

ನಾನು ಅತ್ತೆ. ನನ್ನ ಕೆಲಸ ಹೋದರೆ ಏನು ಗತಿ, ಈ ವಿಷಯವನ್ನೇ ದೇಶದ ಪಠ್ಯದಿಂದ ಕಿತ್ತುಹಾಕಿದರೆ ಏನು ಗತಿ, ಅದಕ್ಕಾಗಿಯೇ ಹೀಗೆ ಬರೆದೆ ಎಂದೆಲ್ಲ ಹೇಳಿದೆ. ಅವರು ವಾರೆನ್‌ನ ಒಂದು ಸಂಗತಿ ಹೇಳಿದರು. ಅವರು ಸೇರಿದ ಹೊಸದರಲ್ಲಿ ಅಳತೆ ನೋಡಲೆಂದು ಒಂದು ಯಂತ್ರದ ಮುಚ್ಚಳ ತೆಗೆದು, ಹಾಕಲು ಮರೆತರಂತೆ. ಜೊತೆಯವನೊಬ್ಬನ ಎರಡು ಬೆರಳು ಹೋದವು. ವರದಿಯಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದು ಬರೆಯಲಾಯಿತು. ಬರೆದವರು ಇವರೇ.

"ಆತಗ ಗೊತ್ತಿತ್ತು. ಏನೂ ಅನ್ನಲಿಲ್ಲ. ನನ್ನ ಜೋಡಿ ಊಟಕ್ಕ ಕೂಡೂದು ಬಿಟ್ಟಾ, ಅಷ್ಟ. ಹತ್ತೊಂಬತ್ತ ವರ್ಷ ಒಂದ ರೂಮಿನಾಗ ಇದ್ವಿ." ವರದಿಯನ್ನು ನನ್ನ ಕಡೆ ಸರಿಸಿದರು. "ತಪ್ಪ ಯಾರದು ಅಂತ ಬರೀಬ್ಯಾಡ. ಏನಾತು ಅಂತ ಬರಿ. ನಿನ್ನ ಮಗಳು ಕತ್ತರಿಸ್ಲ್ಯಾ ಅಂತ ಕೇಳಿದ್ಳು. ಅದನ್ನ ಬರೀದಿದ್ರ ಆಕಿ ಜೀವಮಾನಾ ಪೂರ್ತಿ ತನ್ನದ ತಪ್ಪು ಅನ್ಕೋತಾಳ."

ಅವಳು ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು! ಬೆಲ್ಟಿಗೆ ಬಗ್ಗಿದ್ದವರು ತಲೆಯೆತ್ತಿರಲಿಲ್ಲ. "ನನ್ನ ಹೆಸರೂ ಹಾಕು. ಕೇಳಿಸಿಕೊಂಡು ಒದರಲಿಲ್ಲ, ತಾಯಿ-ಮಗಳ ಮಾತು ಅಂತ ಸುಮ್ಕಾದೆ ಅಂತ ಬರಿ" ಎಂದರು.

ನಾನು ಮತ್ತೆ ಬರೆದೆ. ಮೊದಲ ವಾಕ್ಯ: ದಾರವನ್ನು ಕಟ್ಟಿದವಳು ನಾನು; ಕಂಡೂ ಬಿಟ್ಟವಳು ನಾನು.

ಫಲ ಕಹಿಯಾಗಿತ್ತು. ಯಂತ್ರಕ್ಕೆ ಬೀಗ ಬಿತ್ತು. ನನ್ನ ಕಡತಕ್ಕೆ ಎಚ್ಚರಿಕೆಯ ಪತ್ರ ಸೇರಿತು. ಅಂಕಲ್ ತರಗತಿಗೆ ಬರುವುದನ್ನು ನಿಲ್ಲಿಸಿದರು, ಅಂದರೆ ನಿಲ್ಲಿಸಲಾಯಿತು. ಇನ್ನು ಕೊರೆಯುವುದನ್ನೂ ಪರದೆಯ ಮೇಲೆಯೇ ಕಲಿಸೋಣ, ಅದಕ್ಕೊಂದು ಸಾಫ್ಟ್‌ವೇರ್ ಇದೆ ಎಂದು ಶಾಲಾ ಮಂಡಳಿಯ ಮುಂದೆ ಪ್ರಸ್ತಾಪ ಬಂತು. ರೋಬಾಟ್ ಮಾಡತ್ತೆ ಎಂದಿದ್ದ ಆ ತಂದೆಗೆ ಸಂತೋಷವಾಗಿರಬೇಕು. ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಅಂಕಲ್ ಹೆಸರು ಬರೆಸಿದರು. ಕೋಟು ಹಾಕಿಕೊಂಡು, ನನ್ನ ಮಗಳ ಕೈ ಹಿಡಿದು ಮೈಕಿನ ಮುಂದೆ ಹೋಗಿ, ಅವಳು ಕೊರೆದಿದ್ದ ಅಲ್ಯೂಮಿನಿಯಂ ತಗಡನ್ನು ಎತ್ತಿ ಹಿಡಿದರು.

ಹುಬ್ಬಳ್ಳಿಯ ರಾಗದ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: "ಇದರಲ್ಲಿ ಎರಡನೆಯ ತೂತು ಓರೆಯಾಗಿದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ತೂತು ಎಂದೂ ಓರೆಯಾಗುವುದಿಲ್ಲ. ಇದು ಯಾಕೆ ಓರೆಯಾಯಿತೆಂದು ಈ ಮಗುವನ್ನು ಕೇಳಿ." ಅಧ್ಯಕ್ಷೆ ಮೈಕನ್ನು ಬಗ್ಗಿಸಿದರು. ಕೈಗೆ ಇನ್ನೂ ಪಟ್ಟಿ ಕಟ್ಟಿದ್ದ ನನ್ನ ಮಗಳು ಉತ್ತರಿಸಿದಳು. ಸಿಪ್ಪೆ ತುಂಬಿಕೊಂಡರೆ ಕಡ್ಡಿ ಸರಿದುಹೋಗುತ್ತದೆ, ನಿಲ್ಲಿಸಿ ಬ್ರಶ್ಶಿನಿಂದ ತೆಗೆಯಬೇಕಿತ್ತು, ಅವಸರ ಮಾಡಿದೆ, ದಾರ ಇರಬಾರದಿತ್ತು. ಮೂರು ನಿಮಿಷದ ಗಂಟೆ ಹೊಡೆಯಿತು. ಅಂಕಲ್ ಗಂಟೆಗೆ ತಲೆಬಾಗಿ ಬಂದು ಕೂತರು. ಅಂದು ಮಂಡಳಿ ಪ್ರಸ್ತಾಪವನ್ನು ಒಪ್ಪಲಿಲ್ಲ. ತಳ್ಳಿಹಾಕಲೂ ಇಲ್ಲ. ಮುಂದೂಡಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅಂಕಲ್ ಏಳಲಿಲ್ಲ. ಮಂಡಳಿಯ ಕೊನೆಯ ತೀರ್ಮಾನ ಅವರಿಗೆ ತಿಳಿಯಲೇ ಇಲ್ಲ. ಅಂತ್ಯಸಂಸ್ಕಾರಕ್ಕೆ ವಾರೆನ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ನಾಲ್ಕು ಜನ ಮುದುಕರು ಬಂದಿದ್ದರು. ಅವರ ಕೈಗಳನ್ನು ನಾನು ಬೇಕೆಂದೇ ನೋಡಲಿಲ್ಲ.

ಮೇ ತಿಂಗಳಲ್ಲಿ ಮಂಡಳಿ ಯಂತ್ರದ ಬೀಗ ತೆಗೆಸಿತು. ಹಾಗಾಗಲು ನನ್ನ ವರದಿ ಕಾರಣ ಎಂದು ಪ್ರಿನ್ಸಿಪಾಲರೇ ಹೇಳಿದರು. ಮಗುವಿನ ಮೇಲೆ ತಪ್ಪು ಹೊರಿಸಿದ್ದರೆ ಯಂತ್ರವನ್ನು ಮಕ್ಕಳಿಂದ ದೂರ ಇಡುವುದೊಂದೇ ದಾರಿಯಾಗುತ್ತಿತ್ತು. ಏನಾಯಿತೆಂದು ತಿಳಿದದ್ದರಿಂದ ಸರಿಪಡಿಸಲು ಏನಾದರೂ ಸಿಕ್ಕಿತು ಎಂದರು. ದೇಶದ ಮಾದರಿಯ ಹೊಸ ಕರಡು ಬಂದಾಗ ಸುರಕ್ಷತೆಯ ಪುಟ ತೆರೆದೆ. ಮಣಿಕಟ್ಟಿನ ಮೇಲೆ ದಾರ ಸಹ ಇರಬಾರದು, ಧಾರ್ಮಿಕವಾದದ್ದಾದರೆ ಮನೆಯವರೊಡನೆ ಮೊದಲೇ ಮಾತಾಡಬೇಕು ಎಂದು ಸೇರಿಸಿದ್ದಾರೆ. ಪೆಡಲೂ ಪಟ್ಟಿಯಲ್ಲಿದೆ. ಯಾರ ಮಾತಿನಿಂದ ಇದು ಬಂತೆಂದು ಎಲ್ಲೂ ಬರೆದಿಲ್ಲ. ಪೀರಿಯಡ್ಡು ಮಾತ್ರ ಇನ್ನೂ ನಲವತ್ತೆರಡೇ ನಿಮಿಷ.

ವರ್ಷದ ಮೊದಲ ಪೀರಿಯಡ್ಡನ್ನು ನಾನು ಓದುವುದಕ್ಕೆ ಇಟ್ಟಿದ್ದೇನೆ. ಮಕ್ಕಳನ್ನು ಯಂತ್ರದ ಸುತ್ತ ನಿಲ್ಲಿಸಿ, ಆ ವರದಿಯನ್ನು ಮೊದಲ ವಾಕ್ಯದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಹಾಗೆ ಮಾಡೆಂದು ಅಂಕಲ್ ಹೇಳಿರಲಿಲ್ಲ. ಈ ವರ್ಷ ಒಬ್ಬಳು ಕೇಳಿದಳು, "ನಿಮಗೆ ನಾಚಿಕೆ ಆಗೋದಿಲ್ವಾ?" ಆಗುತ್ತದೆ ಎಂದೆ. ಇನ್ನೊಬ್ಬಳು, "ನಿಮ್ಮ ಮಗಳಿಗೆ ಕೋಪ ಬಂದಿತ್ತಾ?" ಎಂದಳು. ಇಲ್ಲ, ನಾನು ಬರೆದದ್ದನ್ನು ಅವಳಿಗೆ ಓದಿ ಹೇಳಿದಾಗ ಅವಳು ಬಂದು ನನ್ನ ಪಕ್ಕ ಊಟಕ್ಕೆ ಕೂತಳು ಎಂದೆ.

ಆಮೇಲೆ ಎಲ್ಲರ ಕೈ ನೋಡಿ, ನನ್ನ ಕೈಯನ್ನು ಅವರಿಗೆ ತೋರಿಸಿ, ಸ್ವಿಚ್ಚು ಒತ್ತುತ್ತೇನೆ. ಯಂತ್ರ ತಿರುಗತೊಡಗಿದಾಗ ಎದೆ ಈಗಲೂ ಹಿಂದಕ್ಕೆ ಜಗ್ಗುತ್ತದೆ. ಜಗ್ಗಲಿ ಎಂದು ಬಿಡುತ್ತೇನೆ. ಕಾಲು ಪೆಡಲಿನ ಮೇಲಿರುತ್ತದೆ.